ಜಿಫ್ ಕೇಳಿದರೆ ಜಿಪ್ ಬರುವ ಊರಿನಲ್ಲಿ

ಕುಣಿಯುವ ಪುಟ್ಟ ಚಿತ್ರದ ಫೈಲಿಗೆ ಗಿಫ್ ಅನ್ನುವುದೋ ಜಿಫ್ ಅನ್ನುವುದೋ ಎಂಬ ತಕರಾರು ಇಂಗ್ಲಿಷಿನಲ್ಲಿ ಹಳತು. ಇಂಗ್ಲಿಷಿನವರಿಗೆ ಅದನ್ನು ತೀರ್ಮಾನಿಸದೆ ಬಿಡುವ ಅನುಕೂಲ ಉಂಟು. ಜಿ, ಐ, ಎಫ್ ಎಂಬ ಮೂರು ಅಕ್ಷರ ಬರೆದಿಟ್ಟರೆ ಸಾಕು, ಓದುವವರು ಅವರವರ ಅಭ್ಯಾಸದಂತೆ ಓದಿಕೊಳ್ಳುತ್ತಾರೆ. ಕನ್ನಡ ಲಿಪಿಯಲ್ಲಿ ಹಾಗೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಗ ಬರೆದರೆ ಗ, ಜ ಬರೆದರೆ ಜ. ಕೇರಳದ ಗಡಿನಾಡಾದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಾಠದ ಟಿಪ್ಪಣಿ ಬರೆಯುವವರು, ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದ ಬಾಗಿಲಿಗೆ ಕನ್ನಡದಲ್ಲಿ ಸೂಚನೆ ಅಂಟಿಸುವವರು, ವಿಡಿಯೊಕ್ಕೆ ಅಡಿಬರಹ ಹಾಕುವವರು, ಎಲ್ಲರೂ ಮೊದಲ ಅಕ್ಷರದಲ್ಲೇ ಒಂದು ಪಕ್ಷ ಹಿಡಿದಾಗಿರುತ್ತದೆ. ಹಿಡಿಯಲೇಬೇಕಾದರೆ ಕಾರಣ ತಿಳಿದು ಹಿಡಿಯೋಣ.

ನನ್ನ ಮಟ್ಟಿಗೆ ಕಾರಣ ಒಂದೇ. ಇಲ್ಲಿಯ ಬಾಯಲ್ಲಿ ಹುಟ್ಟಿ ಇಲ್ಲಿಯ ಕಿವಿಗೆ ಬೀಳುವಾಗ ಯಾವ ಉಚ್ಚಾರ ಬೇರೊಂದು ಪದದ ಹಾಗೆ ಕೇಳುವುದಿಲ್ಲವೋ ಅದನ್ನು ಆರಿಸಬೇಕು. ಹುಟ್ಟಿಸಿದವರು ಏನು ಹೇಳಿದರು, ಬಿಡಿಸಿ ಬರೆದರೆ ಮೂಲಪದ ಯಾವುದು ಎಂಬುದೆಲ್ಲ ಆಮೇಲಿನ ಮಾತು.

ಹುಟ್ಟಿಸಿದವರ ಮಾತನ್ನೂ ನೋಡೋಣ. ಈ ನಮೂನೆಯನ್ನು 1987ರಲ್ಲಿ ಹೊರತಂದದ್ದು ಅಮೆರಿಕದ ಕಂಪ್ಯುಸರ್ವ್ ಕಂಪನಿ, ರೂಪಿಸಿದ ತಂಡದ ಮುಂದಾಳು ಸ್ಟೀವ್ ವಿಲ್‌ಹೈಟ್. ಒಂದು ಚೌಕಟ್ಟಿನ, ಅಂದರೆ ಕುಣಿತದ ಒಂದು ಬಿಡಿ ಚಿತ್ರದ, ಬಣ್ಣಪಟ್ಟಿಯಲ್ಲಿ ಹೆಚ್ಚೆಂದರೆ 256 ಬಣ್ಣ. 1989ರ ಪರಿಷ್ಕರಣದಲ್ಲಿ ಪಾರದರ್ಶಕತೆಯೂ ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕವೂ ಸೇರಿದವು. ಇಂದು ಕಾಣುವ ಕುಣಿತಕ್ಕೆ ಆಧಾರ ಅದು. ವಿಲ್‌ಹೈಟ್ ಜಿಫ್ ಪಕ್ಷದವರು. 2013ರಲ್ಲಿ ಅಂತರಜಾಲದ ಸಾಧನೆಗೆ ಕೊಡುವ ವೆಬ್ಬಿ ಪ್ರಶಸ್ತಿ ಪಡೆದಾಗ ಬಾಯಿ ಬಿಡದೆ, ಉಚ್ಚಾರ ಜಿಫ್, ಗಿಫ್ ಅಲ್ಲ ಎಂಬರ್ಥದ ಒಂದು ಸಾಲನ್ನು ತೆರೆಯ ಮೇಲೆ ತೋರಿಸಿದರು. 2022ರಲ್ಲಿ ತೀರಿಕೊಂಡರು. ಇಂಗ್ಲಿಷ್ ನಿಘಂಟುಗಳಲ್ಲಿ ಎರಡು ಉಚ್ಚಾರಗಳೂ ಇವೆ.

ಗಿಫ್ ಪಕ್ಷದವರ ದೊಡ್ಡ ವಾದ, ಬಿಡಿಸಿದರೆ ಅದು ಗ್ರಾಫಿಕ್ಸ್ ಇಂಟರ್‌ಚೇಂಜ್ ಫಾರ್ಮ್ಯಾಟ್, ಮೊದಲ ಪದ ಗ್ರಾಫಿಕ್ಸ್, ಆದ್ದರಿಂದ ಗ ಎಂಬುದು. ಈ ವಾದ ನಿಲ್ಲುವುದಿಲ್ಲ, ಮತ್ತು ಅದಕ್ಕೆ ಸಾಕ್ಷಿ ನಮ್ಮ ಅಡಿಕೆ ತೋಟದ ಬದಿಯಲ್ಲೇ ಇದೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯ ಹೆಸರು ಕ್ಯಾಂಪ್ಕೊ. ಅದರ ಮೊದಲ ಪದ ಸೆಂಟ್ರಲ್. ಮೂಲಪದದ ಸದ್ದು ಹ್ರಸ್ವರೂಪಕ್ಕೆ ದಾಟಲೇಬೇಕು ಎಂದಾದರೆ ನಾವೆಲ್ಲ ಸ್ಯಾಂಪ್ಕೊ ಅನ್ನಬೇಕಿತ್ತು. ಬದಿಯಡ್ಕದಿಂದ ಪುತ್ತೂರಿನವರೆಗೆ ಹಾಗೆ ಹೇಳುವ ಒಬ್ಬರೂ ಸಿಗಲಿಕ್ಕಿಲ್ಲ. ಫೋಟೊಗಳ ಜೆಪೆಗ್ ಕೂಡ ಹಾಗೆಯೇ. ಅದರ ಎರಡನೆಯ ಅಕ್ಷರ ಬಂದದ್ದು ಫೋಟೊಗ್ರಾಫಿಕ್ ಎಂಬ ಪದದಿಂದ, ಆದರೂ ಯಾರೂ ಜೆಫೆಗ್ ಅನ್ನುವುದಿಲ್ಲ. ಹ್ರಸ್ವರೂಪವನ್ನು ಪದವಾಗಿ ಓದುವಾಗ ಕಣ್ಣಿಗೆ ಕಂಡ ಅಕ್ಷರಗಳನ್ನು ಹೊಸ ಪದದಂತೆ ಓದುತ್ತೇವೆ, ಅಷ್ಟೇ.

ಜಿಫ್ ಪಕ್ಷದವರ ವ್ಯಾಕರಣದ ವಾದವೂ ಅರ್ಧ ದಾರಿಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಐ ಅಕ್ಷರದ ಮುಂಚೆ ಬರುವ ಜಿ ಅಕ್ಷರ ಜ ಆಗುತ್ತದೆ ಅನ್ನುತ್ತಾರೆ. ಜಿಂಜರ್, ಜಿರಾಫ್ ಹೌದು. ಗಿಫ್ಟ್, ಗಿವ್ ಅಲ್ಲ.

ಹಾಗಾದರೆ ಇಲ್ಲಿ ಏನು ಮಾಡುವುದು? ನಮ್ಮ ಮಾತಿನಲ್ಲಿ ಫಕಾರ ಗಟ್ಟಿಯಾಗಿ ನಿಲ್ಲುವುದಿಲ್ಲ. ಆಫೀಸು ಆಪೀಸಾಗುತ್ತದೆ, ಫೋನು ಪೋನಾಗುತ್ತದೆ, ಕಾಫಿ ಕಾಪಿಯಾಗುತ್ತದೆ. ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಅಕ್ಷರವಾದ ಜೆಡ್‌ನ ಕಂಪನದ ಸದ್ದೂ ಕನ್ನಡದಲ್ಲಿ ಇಲ್ಲ, ಅದನ್ನು ಜ ಮಾಡಿಕೊಂಡಿದ್ದೇವೆ. ಜೀರೊ, ಜೂಮ್, ಜೆರಾಕ್ಸ್ ನೋಡಿ. ಹೀಗಾಗಿ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು ನಮಗೆ ಜಿಪ್ ಫೈಲ್. ಜಿಫ್ ಎಂದದ್ದೂ ಫೋನಿನಲ್ಲಿ ಜಿಪ್ ಎಂದೇ ಕೇಳುತ್ತದೆ. ಎರಡೂ ಫೈಲೇ, ಎರಡನ್ನೂ ಕಳಿಸುತ್ತೇವೆ, ತೆರೆಯುತ್ತೇವೆ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಲಿಕ್ಕೂ ದಾರಿ ಇಲ್ಲ. ಮುಳ್ಳೇರಿಯದಿಂದ ಯಾರಾದರೂ ಕುಂಬಳೆಯ ಡಿಟಿಪಿ ಅಂಗಡಿಗೆ ಫೋನ್ ಮಾಡಿ, ಬಯಲಾಟದ ಆಮಂತ್ರಣವನ್ನು ಜಿಫ್ ಮಾಡಿ ಕಳಿಸಿ ಅಂದರೆ, ಒಳಗಿನ ಚಿತ್ರಗಳನ್ನು ಗಂಟು ಕಟ್ಟಿ ಜಿಪ್ ಕಳಿಸಿದವರ ತಪ್ಪು ಏನೂ ಇಲ್ಲ. ಗಿಫ್ ಅಂದರೆ ಬಾಯಿ ಸಡಿಲಾಗಿ ಗಿಪ್ ಆದರೂ ಅದೇ ಸದ್ದಿನ ಇನ್ನೊಂದು ಫೈಲ್ ಇಲ್ಲ. ವಿಲ್‌ಹೈಟ್ ಅವರಿಗೆ ಗೌರವ ಇಟ್ಟುಕೊಂಡೇ ಕನ್ನಡದಲ್ಲಿ ಗಿಫ್ ಬರೆಯಬೇಕು, ಗಿಫ್ ಹೇಳಬೇಕು ಅನ್ನುತ್ತೇನೆ.

ಮಲಯಾಳ ಮಾತಾಡುವವರಿಗೆ ಈ ತೊಂದರೆ ಇಲ್ಲ. ಅವರು ಅದೇ ಕಂಪನದ ಸದ್ದನ್ನು ಸ ಮಾಡಿಕೊಂಡಿದ್ದಾರೆ. ಜೀರೊ ಅವರಿಗೆ ಸೀರೊ, ಜಿಪ್ ಅವರಿಗೆ ಸಿಪ್. ಆದ್ದರಿಂದ ಅವರ ಬಾಯಲ್ಲಿ ಜಿಫ್ ಮತ್ತು ಸಿಪ್ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಅಕ್ಷಯ ಕೇಂದ್ರದ ಮೇಜಿನ ಆಚೆ ಮಲಯಾಳ, ಈಚೆ ಕನ್ನಡ ಅಥವಾ ತುಳು ಇರುವಾಗ ಸಿಪ್ ಅಂದದ್ದು ಜಿಪ್ ಎಂದು ಹೊಳೆಯಲಿಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಗಿಫ್ ಎಂದು ಸರಿಯಾಗಿ ಹೇಳಿದ ಮೇಲೂ ಫೈಲ್ ಬದಲಾಗುವ ಒಂದು ಜಾಗ ಉಂಟು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದ ಗಿಫ್ ಆಚೆ ಕಡೆ ತಲುಪುವಾಗ ಪುಟ್ಟ ವಿಡಿಯೊ ಆಗಿರುತ್ತದೆ. ಜಾಲತಾಣಕ್ಕೋ ಪಾಠದ ಸ್ಲೈಡಿಗೋ ನಿಜವಾದ ಗಿಫ್ ಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಸೇರಿಸಿ ಹೇಳಬೇಕು. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಮಾಡುವವರು ಪ್ರತಿಯೊಂದು ಪದರವನ್ನು ಒಂದೊಂದು ಚೌಕಟ್ಟಾಗಿ ಇಟ್ಟು, ಎಕ್ಸ್‌ಪೋರ್ಟ್ ಮಾಡುವಾಗ ಅನಿಮೇಶನ್ ಎಂಬ ಚೌಕಕ್ಕೆ ಗುರುತು ಹಾಕಬೇಕು. ಮರೆತರೆ ಚಿತ್ರ ಅಲ್ಲಾಡುವುದೇ ಇಲ್ಲ. ಚೌಕಟ್ಟುಗಳ ನಡುವಿನ ಅವಧಿ ತಾನಾಗಿಯೇ 100 ಮಿಲಿಸೆಕೆಂಡ್ ಇರುತ್ತದೆ, ಓದುವ ಅಕ್ಷರ ಇರುವ ಚೌಕಟ್ಟಿಗೆ ಅದು ಬಹಳ ಕಡಿಮೆ, 1500ರಿಂದ 2000 ಇಟ್ಟರೆ ಓದಲಿಕ್ಕೆ ಆಗುತ್ತದೆ.

ಗಿಂಪ್ ಹೆಸರನ್ನು ಬೇಕೆಂದೇ ತಂದೆ. ಕೇರಳದ ಶಾಲೆಗಳಲ್ಲಿ ಬಳಸುವುದು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ, ಹಾಗಾಗಿ ಇಲ್ಲಿಯ ಮಕ್ಕಳಿಗೆ ಚಿತ್ರ ತಿದ್ದುವುದೆಂದರೆ ಗಿಂಪ್. ಅದರ ಗಕಾರ ಬಂದದ್ದು ಗ್ನು ಎಂಬ ಸ್ವತಂತ್ರ ತಂತ್ರಾಂಶ ಯೋಜನೆಯ ಹೆಸರಿನಿಂದ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಆ ಯೋಜನೆಯ ಹೆಸರನ್ನು ಗಕಾರ ಬಿಡದೆ, ಆದರೆ ಗ ಮತ್ತು ನ ನಡುವೆ ಸ್ವರ ಸೇರಿಸದೆ ಒಂದೇ ಉಸಿರಿಗೆ ಹೇಳಬೇಕು. ಇಂಗ್ಲಿಷಿನವರಿಗೆ ಇದು ಕಷ್ಟ. ಆ ಹೆಸರಿನ ಪ್ರಾಣಿಯನ್ನು ಅವರು ನೂ ಅನ್ನುತ್ತಾರೆ, ಇನ್ನು ಕೆಲವರು ಗನೂ ಎಂದು ಎಳೆಯುತ್ತಾರೆ. ನಮಗೆ ಅಗ್ನಿ, ಮಗ್ನ, ಭಗ್ನ ಎಲ್ಲ ಬಾಯಿಪಾಠ. ಗಕ್ಕೆ ನ ಒತ್ತು ಕೊಟ್ಟು ಗ್ನು ಎಂದು ಬರೆದರೆ ಉಚ್ಚಾರವೂ ಬರವಣಿಗೆಯೂ ಒಟ್ಟಿಗೆ ಸರಿಯಾಯಿತು. ಗ್ನು, ಗಿಂಪ್, ಗಿಫ್ ಮೂರೂ ಗಕಾರದಲ್ಲಿ ನಿಂತರೆ ಲ್ಯಾಬಿನಲ್ಲಿ ಕಲಿಸುವವರಿಗೂ ಹಗುರ.

ಉಚ್ಚಾರವನ್ನು ಅಧಿಕೃತವಾಗಿ ಬರೆದಿಟ್ಟರೂ ಜನ ಒಪ್ಪದ ಉದಾಹರಣೆ, ಚಿತ್ರದ ಫೈಲಿನ ಇನ್ನೊಂದು ನಮೂನೆಯಾದ ಪಿಎನ್‌ಜಿ. ಗಿಫ್ ಫೈಲನ್ನು ಒತ್ತಿ ಚಿಕ್ಕದು ಮಾಡುವ ವಿಧಾನಕ್ಕೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. 1994ರ ಕೊನೆಯಲ್ಲಿ ಅದಕ್ಕೆ ಹಣ ಕೇಳುವ ಮಾತು ಬಂದಾಗ ಬದಲಿ ನಮೂನೆಯಾಗಿ ಪಿಎನ್‌ಜಿ ಹುಟ್ಟಿತು. ಅದರ ವಿವರಣಾ ದಾಖಲೆಯಲ್ಲೇ ಇದನ್ನು ಪಿಂಗ್ ಎಂದು ಹೇಳಬೇಕೆಂದು ಬರೆದಿದ್ದಾರೆ. ಗಿಫ್ ಜಗಳ ಕಂಡವರು ಮುಂಚೆಯೇ ಬಾಗಿಲು ಹಾಕಲು ನೋಡಿದ್ದು ಇರಬೇಕು. ಆದರೆ ನೆಟ್‌ವರ್ಕ್ ಕೆಲಸ ಮಾಡುವವರ ಬಾಯಲ್ಲಿ ಪಿಂಗ್ ಎಂಬ ಆಜ್ಞೆ 1983ರಿಂದಲೇ ಇತ್ತು. ಸರ್ವರ್ ಬದುಕಿದೆಯೋ ಎಂದು ನೋಡಲಿಕ್ಕೆ ಪಿಂಗ್ ಮಾಡುವವರು ಚಿತ್ರಕ್ಕೂ ಪಿಂಗ್ ಅನ್ನಲಿಲ್ಲ. ಅಕ್ಷರ ಅಕ್ಷರವಾಗಿ ಪಿಎನ್‌ಜಿ ಅನ್ನುವುದೇ ಉಳಿಯಿತು. ಜಿಪ್ ಇರುವ ಕನ್ನಡದಲ್ಲಿ ಜಿಫ್ ಉಳಿಯಲಿಕ್ಕೆ ಕಷ್ಟಪಡುವುದೂ ಇದೇ ಕಾರಣಕ್ಕೆ.

ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಅಕ್ಷರವನ್ನು ಗಡಿನಾಡಿನಲ್ಲಿ ಇಸಡ್ ಅನ್ನುವವರು ಬಹಳ. ಮಂಗಳೂರಿಗೋ ಬೆಂಗಳೂರಿಗೋ ಹೋದರೆ ಇದಕ್ಕೆ ನಗುವವರು ಸಿಗುತ್ತಾರೆ, ಜೆಡ್ ಎಂದು ತಿದ್ದುವವರೂ ಸಿಗುತ್ತಾರೆ. ತಿದ್ದಿಸಿಕೊಳ್ಳಬೇಕಾಗಿಲ್ಲ. ಕನ್ನಡದ ಬಾಯಲ್ಲಿ ಜೆ, ಜಿ, ಜೆಡ್ ಮೂರೂ ಜಕಾರದಿಂದ ಶುರುವಾಗುತ್ತವೆ. ರೇಂಜ್ ಸರಿ ಇಲ್ಲದ ಕಡೆ ಪಾಸ್‌ವರ್ಡೋ ಗಾಡಿ ನಂಬರೋ ಓದಿ ಹೇಳುವಾಗ ಜೆಡ್ ಎಂಬುದರ ಡಕಾರ ನುಂಗಿಹೋದರೆ ಉಳಿಯುವುದು ಜೆ. ಇಸಡ್‌ನಲ್ಲಿ ಮೊದಲೇ ಇ ಇರುವುದರಿಂದ ಹಾಗೆ ಆಗುವುದಿಲ್ಲ. ಬರೆಯುವಾಗ ಜೆಡ್ ಬರೆಯಿರಿ, ಫೋನಿನಲ್ಲಿ ಇಸಡ್ ಹೇಳಿ.

ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ ಓದುವಾಗ ಇದಕ್ಕಿಂತ ದೊಡ್ಡ ಎಡವಟ್ಟು ಆಗುತ್ತದೆ. ಅದರಲ್ಲಿ 11 ಸ್ಥಾನ. ಮೊದಲ ನಾಲ್ಕು ಬ್ಯಾಂಕಿನ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯದ್ದು. ಐದನೆಯದನ್ನು ಓ ಎಂದು ಓದಿ ಹೇಳುವವರು ಇದ್ದಾರೆ. ಕೇಳಿದವರು ಓ ಅಕ್ಷರವನ್ನೇ ಒತ್ತುತ್ತಾರೆ, ಸಂಕೇತ ತಪ್ಪೆಂದು ಬರುತ್ತದೆ. ಸೊನ್ನೆ ಅಂದರೆ ಮುಗಿಯಿತು. ಜೀರೊ, ಸೀರೊ ಎರಡೂ ಬೇಡ, ಸೊನ್ನೆ ಗಡಿಯ ಎರಡೂ ಕಡೆಯ ಕನ್ನಡಿಗರಿಗೆ ತಿಳಿಯುತ್ತದೆ.

ಯಾವುದನ್ನು ಪದವಾಗಿ ಓದುವುದು, ಯಾವುದನ್ನು ಅಕ್ಷರವಾಗಿ ಓದುವುದು ಎಂಬುದಕ್ಕೆ ಪಕ್ಕಾ ಸೂತ್ರ ಇಲ್ಲ. ನಡುವೆ ಸ್ವರ ಇಲ್ಲದಿದ್ದರೆ ಅಕ್ಷರವಾಗಿ ಓದದೆ ಬೇರೆ ದಾರಿಯಿಲ್ಲ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹಾಗೆ. ಹಣ ಕಳಿಸುವ ಚೀಟಿಯಲ್ಲಿ ನೆಫ್ಟ್ ಪದವಾಗಿದೆ, ಅದರ ಪಕ್ಕದ ಆರ್‌ಟಿಜಿಎಸ್ ಅಕ್ಷರಗಳಾಗಿಯೇ ಉಳಿದಿದೆ. ಆದರೆ ಸ್ವರ ಇದ್ದರೂ ಯುಪಿಐ ಪದವಾಗಲಿಲ್ಲ.

ಇನ್ನು ಎಸ್‌ಕ್ಯೂಎಲ್. ಮಾಹಿತಿಯನ್ನು ಪಟ್ಟಿಗಳಾಗಿ ಕೂಡಿಟ್ಟ ಡೇಟಾಬೇಸಿನಿಂದ ಬೇಕಾದ್ದನ್ನು ಕೇಳಿ ತೆಗೆಯುವ ಈ ಭಾಷೆಯನ್ನು ಕೆಲವರು ಅಕ್ಷರ ಬಿಡಿಸಿ ಓದುತ್ತಾರೆ, ಕೆಲವರು ಸೀಕ್ವೆಲ್ ಅನ್ನುತ್ತಾರೆ. ಇದರ ಜಗಳಕ್ಕೆ ಗಿಫ್ ಜಗಳಕ್ಕಿಂತ ತೂಕ ಹೆಚ್ಚು, ಯಾಕೆಂದರೆ ಪ್ಲಸ್ ಟು ಕಂಪ್ಯೂಟರ್ ಪಾಠದಿಂದ ಕೆಲಸದ ಸಂದರ್ಶನದವರೆಗೆ ಇದು ಬೆನ್ನು ಬಿಡುವುದಿಲ್ಲ. ಸೀಕ್ವೆಲ್ ಅನ್ನುವುದು ಇತ್ತೀಚಿನ ಶೋಕಿ ಎಂದು ಹಲವರು ತಿಳಿದಿದ್ದಾರೆ. ನಿಜಕ್ಕೂ ಅದೇ ಹಳೆಯ ಹೆಸರು. ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರ ಪ್ರಬಂಧದಲ್ಲಿ ಈ ಭಾಷೆಗೆ ಕೊಟ್ಟ ಹೆಸರು ಸೀಕ್ವೆಲ್, ಸ್ಟ್ರಕ್ಚರ್ಡ್ ಇಂಗ್ಲಿಷ್ ಕ್ವೆರಿ ಲ್ಯಾಂಗ್ವೇಜ್ ಎಂಬುದರ ಹ್ರಸ್ವರೂಪ. ಬ್ರಿಟನ್ನಿನ ವಿಮಾನ ಕಂಪನಿಯೊಂದು ಆ ಹೆಸರನ್ನು ಮೊದಲೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿದ್ದರಿಂದ ಸ್ವರಗಳನ್ನು ಕಿತ್ತು ಮೂರು ಅಕ್ಷರಕ್ಕೆ ಇಳಿಸಿದರು. ಬರವಣಿಗೆ ಬದಲಾಯಿತು, ಹಳಬರ ಬಾಯಿ ಬದಲಾಗಲಿಲ್ಲ. 1986ರಲ್ಲಿ ಅಮೆರಿಕದ ಮಾನಕ, 1987ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂದದ್ದು ಮೂರು ಅಕ್ಷರದ ಹೆಸರಿನಲ್ಲೇ.

ಇಲ್ಲಿ ಈ ಭಾಷೆ ಬಳಸುವ ಡೇಟಾಬೇಸ್ ತಂತ್ರಾಂಶ ಯಾವುದೆಂದು ನೋಡಿ ಮಾತಾಡುವುದು ಸುಲಭ. ಮೈಎಸ್‌ಕ್ಯೂಎಲ್ ಕೈಪಿಡಿ ಅಕ್ಷರ ಬಿಡಿಸಿ ಹೇಳುವುದೇ ಅಧಿಕೃತ ಎನ್ನುತ್ತದೆ, ಮೈ ಸೀಕ್ವೆಲ್ ಅಂದರೂ ಬೇಸರವಿಲ್ಲ ಎಂದು ಸೇರಿಸುತ್ತದೆ. ಹೆಸರಿನ ಮೈ ಕೂಡ ನನ್ನ ಎಂಬ ಅರ್ಥದ್ದಲ್ಲ, ಸ್ಥಾಪಕರಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ ಅವರ ಮಗಳ ಹೆಸರು. ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಉದ್ದದ ಹೆಸರನ್ನು ಅದರ ಬಳಕೆದಾರರೇ ಪೋಸ್ಟ್‌ಗ್ರೆಸ್ ಎಂದು ಮೊಟಕು ಮಾಡುತ್ತಾರೆ. ಮೈಕ್ರೋಸಾಫ್ಟ್‌ನದ್ದನ್ನು ಮಾತ್ರ ಸೀಕ್ವೆಲ್ ಸರ್ವರ್ ಅನ್ನುವವರೇ ಜಾಸ್ತಿ. ಕಲಿಯುವ ಮಕ್ಕಳಿಗೆ ನನ್ನ ಸಲಹೆ, ಸಂದರ್ಶನದಲ್ಲಿ ಎದುರಿನವರು ಹೇಳಿದಂತೆ ಹೇಳಿ, ಮೊದಲು ನೀವೇ ಹೇಳಬೇಕಾಗಿ ಬಂದರೆ ಎಸ್‌ಕ್ಯೂಎಲ್ ಅನ್ನಿ. ಕನ್ನಡದಲ್ಲಿ ಬರೆಯುವಾಗಲೂ ಅದೇ ಇರಲಿ. ಸೀಕ್ವೆಲ್ ಅಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಸಿನಿಮಾದ ಎರಡನೆಯ ಭಾಗ.

ಕೆಲವರು ಈ ಗೊಡವೆಯೇ ಬೇಡವೆಂದು ಹ್ರಸ್ವರೂಪವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟು ಅದಕ್ಕೆ ಕನ್ನಡ ವಿಭಕ್ತಿ ಅಂಟಿಸುತ್ತಾರೆ. ಆದರೂ ಉಚ್ಚಾರ ಹೊರಬೀಳುತ್ತದೆ. ಪದೇಪದೇ ಕೇಳುವ ಪ್ರಶ್ನೆಗಳ ಪಟ್ಟಿಯ ಮೂರಕ್ಷರವನ್ನೇ ನೋಡಿ. ಅಕ್ಷರ ಬಿಡಿಸಿ ಓದುವವರು ಎಫ್‌ಎಕ್ಯೂವಿನಲ್ಲಿ ಎಂದು ಬರೆಯಬೇಕು, ಪದವಾಗಿ ಓದುವವರು ಫ್ಯಾಕ್‌ನಲ್ಲಿ ಎಂದು. ಒಂದಕ್ಕೆ ವಿನಲ್ಲಿ, ಇನ್ನೊಂದಕ್ಕೆ ನಲ್ಲಿ. ಇಂಗ್ಲಿಷಿನಲ್ಲಿ ಎಸ್‌ಕ್ಯೂಎಲ್ ಹಿಂದೆ ಆ್ಯನ್ ಹಾಕಿದವರು ಅಕ್ಷರ ಓದುವವರು, ಬರೀ ಎ ಹಾಕಿದವರು ಸೀಕ್ವೆಲ್‌ನವರು ಎಂದು ಗೊತ್ತಾಗುವ ಹಾಗೆ. ಒಂದೇ ಟಿಪ್ಪಣಿಯಲ್ಲಿ ಇಬ್ಬರು ಕೈ ಹಾಕಿದರೆ ಪ್ರತ್ಯಯ ಎರಡು ಬಗೆಯಾಗುತ್ತದೆ, ಓದುವ ಮಗು ಎರಡು ಬೇರೆ ವಸ್ತು ಎಂದುಕೊಳ್ಳುತ್ತದೆ. ಶುರು ಮಾಡುವ ಮೊದಲೇ ಪಟ್ಟಿ ಮಾಡಿಕೊಳ್ಳಿ.

ಉಚ್ಚಾರ ತೀರ್ಮಾನವಾದ ಮೇಲೆ ಅದನ್ನು ತೆರೆಯ ಮೇಲೆ ಸರಿಯಾಗಿ ಮೂಡಿಸುವುದು ಬೇರೆಯೇ ಕೆಲಸ, ಮತ್ತು ಹೆಚ್ಚು ತಪ್ಪು ಆಗುವುದು ಇಲ್ಲಿ. ಆರ್‌ಟಿಜಿಎಸ್ ಎಂದು ಸುಮ್ಮನೆ ಬೆರಳಚ್ಚಿಸಿದರೆ ಆರ್ಟಿಜಿಎಸ್ ಆಗಿ, ರಕಾರ ಅರ್ಕಾವೊತ್ತಾಗಿ ಟಿ ಆಚೆ ಹೋಗುತ್ತದೆ. ಎಸ್‌ಕ್ಯೂಎಲ್ ಎಸ್ಕ್ಯೂಎಲ್ ಆಗಿ ಮೂರು ಅಂತಸ್ತಿನ ಒತ್ತಕ್ಷರವಾಗುತ್ತದೆ. ಅರ್ಧಾಕ್ಷರವಾದ ಮೇಲೆ ಮುಂದಿನ ವ್ಯಂಜನಕ್ಕೆ ಅಂಟಬೇಡ ಎಂದು ಹೇಳುವ ಅದೃಶ್ಯ ಅಕ್ಷರವೊಂದು, ಲಿಪಿಗಳ ಒಂದೊಂದು ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಇದೆ, ಸಂಖ್ಯೆ 200ಸಿ. ಶಾಲೆಯ ಲಿನಕ್ಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, ಬಿಟ್ಟು, 200ಸಿ ಎಂದು ಇಂಗ್ಲಿಷ್ ಕೀಲಿಯಲ್ಲಿ ಒತ್ತಿ ಎಂಟರ್ ಕೊಟ್ಟರೆ ಬರುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲಿ 200ಸಿ ಒತ್ತಿ ಆಲ್ಟ್ ಮತ್ತು ಎಕ್ಸ್ ಒತ್ತಿದರೂ ಆಯಿತು.

ಇದು ಬೇಕಾಗುವುದು ಅರ್ಧಾಕ್ಷರದ ಮುಂದೆ ವ್ಯಂಜನ ಬಂದಾಗ ಮಾತ್ರ. ಎಸ್ಎಂಎಸ್ ಎಂಬಲ್ಲಿ ಸಕಾರದ ಮುಂದೆ ಎ ಎಂಬ ಸ್ವರ ಇರುವುದರಿಂದ ಹೇಗೂ ಅಂಟುವುದಿಲ್ಲ, ಹಾಕುವ ಅಗತ್ಯವಿಲ್ಲ.

ಎರಡನೆಯ ತಪ್ಪು ಅನುಸ್ವಾರದ ಸೊನ್ನೆಯದ್ದು. ಎಂ ಎಂದು ಸೊನ್ನೆ ಹಾಕಿದರೆ ಹ್ರಸ್ವರೂಪದಲ್ಲಿ ಅದು ಎಂ ಅಕ್ಷರವೇ ಆಗಬೇಕು. ಮಾಮೂಲಿ ಕನ್ನಡದಲ್ಲಿ ಸೊನ್ನೆ ಮುಂದಿನ ಅಕ್ಷರ ನೋಡಿ ಸದ್ದು ಬದಲಿಸುತ್ತದೆ, ಅದೇ ಅಭ್ಯಾಸದಲ್ಲಿ ಪಿಎನ್‌ಜಿ ಬದಲು ಪಿಎಂಜಿ ಬರೆದರೆ ಅಕ್ಷರವೇ ಬದಲಾಯಿತು. ಎಚ್ ಮತ್ತು ಹೆಚ್ ಎರಡೂ ನಡೆಯುತ್ತವೆ, ಒಂದು ಬರಹದಲ್ಲಿ ಒಂದೇ ಇರಲಿ.

ಉಚ್ಚಾರದಲ್ಲಿ ಜಗಳವೇ ಇಲ್ಲದ, ಬರೆಯುವಾಗ ಮಾತ್ರ ಎಲ್ಲರನ್ನೂ ಕಾಡುವ ಹ್ರಸ್ವರೂಪ ಕಂಪ್ಯೂಟರಿನ ನೆನಪಿನದ್ದು. ರ್ಯಾಮ್ ಎಂದು ಹಾಗೆಯೇ ಬೆರಳಚ್ಚಿಸಿದರೆ ಯಾ ಬರೆದು ಅದಕ್ಕೆ ಅರ್ಕಾವೊತ್ತು ಬರುತ್ತದೆ, ಕಾರ್ಯಾಲಯದ ರ್ಯಾ ಹಾಗೆ. ಬೇಕಾದದ್ದು ರಕಾರಕ್ಕೆ ಯ ಒತ್ತು, ರ‍್ಯಾಮ್. ಅದಕ್ಕೆ ರ ಒತ್ತಿ, 200ಡಿ ಸಂಖ್ಯೆಯ ಇನ್ನೊಂದು ಅದೃಶ್ಯ ಅಕ್ಷರ ಹಾಕಿ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಯಾ. ಕ್ರಮ ತಪ್ಪಿ ಚಿಹ್ನೆಯ ನಂತರ ಹಾಕಿದರೆ ಫಾಂಟ್ ನೋಡಿ ರೂಪ ಬದಲಾಗುತ್ತದೆ. ಮಲಯಾಳದಲ್ಲಿ ರಾಂ ಎಂದು ಬರೆದು ಸುಖವಾಗಿದ್ದಾರೆ. ಕನ್ನಡದಲ್ಲಿ ಹಾಗೆ ಬರೆದರೆ ಶ್ರೀರಾಮನ ಹೆಸರಾಗಿ ಓದಿಸಿಕೊಳ್ಳುತ್ತದೆ, ಬೇಡ.

ಅದೃಶ್ಯ ಅಕ್ಷರಗಳ ಕೊನೆಯ ತೊಂದರೆ ಹುಡುಕುವಾಗ ಗೊತ್ತಾಗುತ್ತದೆ. 200ಸಿ ಇರುವ ಎಸ್‌ಎಂಎಸ್ ಮತ್ತು ಇಲ್ಲದ ಎಸ್ಎಂಎಸ್ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಲಿನಕ್ಸ್‌ನಲ್ಲಿ ಎರಡು ಹೆಸರಿನ ಫೈಲುಗಳು ಪಕ್ಕಪಕ್ಕ ಕೂರುತ್ತವೆ. ಎಸ್‌ಕ್ಯೂಎಲೈಟ್ ಎಂಬ ಡೇಟಾಬೇಸಿನಲ್ಲಿ ಕನ್ನಡ ಪದಪಟ್ಟಿ ಇಟ್ಟು ಸಮ ಚಿಹ್ನೆಯಿಂದ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ತೋರಿಸುವ ಕಾಲಮ್ಮನ್ನು ಮುಟ್ಟಬೇಡಿ, ಅದರಲ್ಲಿ ಅದೃಶ್ಯ ಅಕ್ಷರ ಇರಲೇಬೇಕು. ಹುಡುಕಲಿಕ್ಕೆಂದೇ ಇನ್ನೊಂದು ಕಾಲಮ್ ಮಾಡಿ, ರೀಪ್ಲೇಸ್ ಬಳಸಿ 8204 ಮತ್ತು 8205 ಸಂಖ್ಯೆಯ ಅಕ್ಷರಗಳನ್ನು ತೆಗೆದು ತುಂಬಿಸಿ. 200ಸಿ ಮತ್ತು 200ಡಿಗಳ ದಶಮಾನ ಬೆಲೆ ಅವು. ಬಳಕೆದಾರರು ಒತ್ತಿದ ಪದದಿಂದಲೂ ಅವೆರಡನ್ನು ತೆಗೆದೇ ಹೋಲಿಸಿ. ಗಿಫ್ ಹುಡುಕಿದವರಿಗೆ ಜಿಫ್ ಎಂದು ಬರೆದ ಸಾಲೂ ಸಿಗಬೇಕಾದರೆ, ಅದೇ ಕಾಲಮ್ಮಿನಲ್ಲಿ ಎರಡೂ ರೂಪಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡಿ, ಆಗ ಹುಡುಕುವಾಗ ಸಮ ಚಿಹ್ನೆಯ ಬದಲು ಲೈಕ್ ಬಳಸಬೇಕಾಗುತ್ತದೆ.